ನಾನು ಕೇಳಿದ್ದು ಸೀಟು

ದುಬೈಯಿಂದ ಅಬುಧಾಬಿಗೆ ಮೊಮ್ಮಗಳ ಜೊತೆ ಬಸ್ಸು ಹತ್ತಿದೆ. ಕಿಟಕಿ ಬದಿಯಲ್ಲಿ ಯಾವುದೋ ದೇಶದ ಹುಡುಗಿ ಅಳುತ್ತಾ ಕೂತಿದ್ದಳು. ಪಕ್ಕದ ಸೀಟು ತೋರಿಸಿ, “ಕಾಲಿ ಉಂಟಾ ಮಗಾ?” ಎಂದೆ. “ಯೆಸ್, ಕಾಲಿ! ಕಾಲಿ!” ಎಂದು ನನ್ನ ಕೈಯನ್ನೇ ಹಿಡಿದುಕೊಂಡಳು.

ಹಿಂದೆ ಕೂತ ಮೊಮ್ಮಗಳು ಇಂಗ್ಲಿಷಿನಲ್ಲಿ ವಿಚಾರಿಸಿದಳು. “ಅಜ್ಜಿ, ಕಾಲಿ ಅಂದ್ರೆ ಅವಳ ಊರು, ಕೊಲಂಬಿಯಾದಲ್ಲಿ. ಅಲ್ಲಿ ಬೀದಿಬೀದಿಯಲ್ಲೂ ಡ್ಯಾನ್ಸ್ ಅಂತೆ. ನಿಮಗೆ ಆ ಊರು ಗೊತ್ತುಂಟು ಅಂತ ಎಣಿಸಿದ್ದಾಳೆ!”

ಅವಳ ತಾಯಿ ತೀರಿಹೋಗಿದ್ದರಂತೆ. ನಾಳೆಯೇ ಮಣ್ಣು ಮಾಡುತ್ತಾರೆ. ಇವಳಿಗೋ ಅಬುಧಾಬಿಯಿಂದ ಮೂರು ವಿಮಾನ, ಎರಡು ದಿನದ ದಾರಿ. ಮುಖ ನೋಡಲು ಸಿಗುವುದಿಲ್ಲ.

ಇಡೀ ದಾರಿ ಅವಳು ನನ್ನ ಕೈ ಬಿಡಲಿಲ್ಲ. ಇಳಿಯುವಾಗ ಚೀಲದಲ್ಲಿದ್ದ ಚಕ್ಕುಲಿಯನ್ನೆಲ್ಲ ಅವಳ ಮಡಿಲಿಗೆ ಹಾಕಿದೆ. ಸಾವಿನ ಮನೆಗೆ ಹೊರಟವಳಿಗೆ ಚಕ್ಕುಲಿ ಕೊಟ್ಟವಳು ಲೋಕದಲ್ಲಿ ನಾನೊಬ್ಬಳೇ ಇರಬೇಕು.