ಟೇಪ್ ಮಾಸ್ತರ ಗಾಡಿಗೆ ಬೀಗ

ನಲವತ್ತು ವರ್ಷ ಗಾಡಿಗಳ ವೈರಿಂಗ್ ಮಾಡಿದ ಮನುಷ್ಯನನ್ನು ಊರವರು ಕರೆಯುವುದು ಟೇಪ್ ಮಾಸ್ತರು ಎಂದು. ವೈರಿಗೆ ಸುತ್ತುವ ಕರಿ ಟೇಪಿನ ವಿಷಯದಲ್ಲಿ ಅವರಿಗೆ ಅಷ್ಟು ಹುಚ್ಚು. ಸುತ್ತು ಒಂಚೂರು ಸಡಿಲವಾದರೂ ಬಿಚ್ಚಿಸುತ್ತಿದ್ದರು. ನನ್ನಿಂದ ಒಂದೇ ದಿನ ಹನ್ನೊಂದು ಸಲ ಬಿಚ್ಚಿಸಿದ್ದಾರೆ. ಹನ್ನೆರಡನೇ ಸಲಕ್ಕೆ ನಾನು ಟೇಪಿನ ಉಂಡೆಯನ್ನು ಗೋಡೆಗೆ ಎಸೆದು ಮನೆಗೆ ಹೋದೆ. ಮರುದಿನ ಮುಖ ಊದಿಸಿಕೊಂಡು ಬಂದರೆ ಅದೇ ಉಂಡೆ ನನ್ನ ಸ್ಟೂಲಿನ ಮೇಲಿತ್ತು. ಬೈಗುಳವೂ ಇಲ್ಲ, ಬುದ್ಧಿಮಾತೂ ಇಲ್ಲ. ಎಂಥಾ ಮನುಷ್ಯ ಅಂತೀನಿ!

ನಾನು ಅವರ ಅಂಗಡಿಗೆ ಸೇರಿದ್ದು ಹತ್ತೊಂಬತ್ತನೇ ವಯಸ್ಸಿಗೆ, ಫೋನ್ ಎತ್ತುವ ಕೆಲಸಕ್ಕೆ. ಆರು ತಿಂಗಳಾದ ಮೇಲೆ ಒಂದು ದಿನ, "ಫೋನ್ ಯಾರು ಬೇಕಾದ್ರೂ ಎತ್ತಬಹುದು. ನಿನ್ನ ಕೈ ಸಣ್ಣದು, ಡ್ಯಾಶ್‌ಬೋರ್ಡ್ ಒಳಗೆ ಸಲೀಸಾಗಿ ತೂರುತ್ತೆ. ಬಾ ಇಲ್ಲಿ" ಎಂದರು. ಹಾಗೆ ನಾನು ಆಟೋ ಎಲೆಕ್ಟ್ರಿಷಿಯನ್ ಆದೆ. ಈಗ ನನಗೆ ನಲವತ್ತಾರು. ಸ್ವಂತ ಅಂಗಡಿಯಿದೆ, ಸ್ವಂತ ಮೊಣಕಾಲು ನೋವಿದೆ. ಮಾಸ್ತರಿಗೆ ಮಾತ್ರ ನಾನಿನ್ನೂ "ಏ ಹುಡುಗಿ".

ಕೆಲವು ತಿಂಗಳ ಹಿಂದೆ ಅವರ ಮಗಳು ನನ್ನ ಅಂಗಡಿಗೆ ಬಂದಳು. ಔಷಧಿ ಅಂಗಡಿ ನಡೆಸುವವಳು, ಯಾವಾಗಲೂ ಗಡಿಬಿಡಿ. ಅವತ್ತು ಕುರ್ಚಿ ಕೊಟ್ಟರೂ ಕೂರಲಿಲ್ಲ.

"ಅಕ್ಕಾ, ಅಪ್ಪನ ವ್ಯಾನಿಗೆ ಅಲಾರಂ ಹಾಕ್ಬೇಕು. ರಿಮೋಟ್ ಒತ್ತಿದ್ರೆ ಇಂಜಿನ್ನೂ ಸ್ಟಾರ್ಟ್ ಆಗುತ್ತಲ್ಲ, ಆ ಥರದ್ದು."

"ಆ ಹಳೇ ಡಬ್ಬಾನ ಯಾವ ಕಳ್ಳ ಕದೀತಾನೆ ಮಾರಾಯ್ತಿ?"

"ಕಳ್ಳನಿಗಲ್ಲ, ಅಪ್ಪನಿಗೆ" ಎಂದಳು.

ಮಾಸ್ತರಿಗೆ ಮರೆವು ಶುರುವಾಗಿ ವರ್ಷದ ಮೇಲಾಗಿತ್ತು. ಅದು ನನಗೂ ಗೊತ್ತಿತ್ತು. ಗೊತ್ತಿಲ್ಲದ್ದು ಹಿಂದಿನ ವಾರದ ಸಂಗತಿ. ಮೊಮ್ಮಗಳನ್ನು ಶಾಲೆಯಿಂದ ಕರೆತರುತ್ತೇನೆಂದು ಹೋದವರು ಹತ್ತು ನಿಮಿಷದ ದಾರಿಗೆ ಮೂರು ಗಂಟೆಯಾದರೂ ಬರಲಿಲ್ಲವಂತೆ. ಸಿಕ್ಕಿದ್ದು ಊರಿನ ಇನ್ನೊಂದು ತುದಿಯಲ್ಲಿ, ಯಾವುದೋ ಗೋದಾಮಿನ ಅಂಗಳದಲ್ಲಿ. ಮುಂದಿನ ಬಂಪರ್ ಕಿತ್ತು ನೇತಾಡುತ್ತಿತ್ತು. ಹಿಂದಿನ ಸೀಟಿನಲ್ಲಿ ಆರು ವರ್ಷದ ಕೂಸು ಅತ್ತು ಅತ್ತು ಬಿಕ್ಕುತ್ತಿತ್ತು. ಇನ್ನು ಗಾಡಿ ಮುಟ್ಟಬಾರದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು.

"ಕೀ ಬಚ್ಚಿಡೋದಪ್ಪ" ಎಂದೆ.

"ಬಚ್ಚಿಟ್ಟೆ. ಶೂ ಒಳಗೆ ಒಂದು ನಕಲಿ ಕೀ ಇಟ್ಕೊಂಡಿದ್ರು. ಅದನ್ನೂ ಕಿತ್ಕೊಂಡೆ. ನಿನ್ನೆ ಸ್ಟೀರಿಂಗ್ ಕೆಳಗಿನ ವೈರ್ ಎಳೆದು ಜೋಡಿಸಿ, ಒಂದೇ ನಿಮಿಷದಲ್ಲಿ ಸ್ಟಾರ್ಟ್ ಮಾಡಿದ್ರು. ನನ್ನ ಹೆಸರು ಮರೀತಾರೆ, ಅದು ಮಾತ್ರ ಮರೆತಿಲ್ಲ ನೋಡಿ! ವ್ಯಾನ್ ಮಾರಿಬಿಡೋಣ ಅಂದ್ರೆ ಅಮ್ಮನ ವೀಲ್‌ಚೇರ್ ಬೇರೆ ಯಾವ ಗಾಡಿಗೂ ಹಿಡಿಸಲ್ಲ."

ಕೆಲಸ ದೊಡ್ಡದೇನಲ್ಲ. ಇಂಜಿನ್ನನ್ನು ಎಬ್ಬಿಸುವ ಸ್ಟಾರ್ಟರಿಗೆ ಒಂದು ವೈರು ಹೋಗುತ್ತದೆ. ಅದನ್ನು ಕತ್ತರಿಸಿ ನಡುವೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ, ರಿಲೇ ಎಂಬ ಸ್ವಿಚ್ ಕೂರಿಸುತ್ತೇವೆ. ರಿಮೋಟಿನಿಂದ ಅಪ್ಪಣೆ ಬರುವವರೆಗೆ ಕೀ ತಿರುಗಿಸಿದರೂ, ವೈರ್ ಜೋಡಿಸಿದರೂ ಗಾಡಿ ಏಳುವುದಿಲ್ಲ. ಆದರೆ ಆ ರಿಲೇ ಎಲ್ಲಿದೆ ಎಂದು ಗೊತ್ತಾದರೆ ಗೇಣುದ್ದ ವೈರಿನಿಂದ ಅದರ ಎರಡು ತುದಿ ಜೋಡಿಸಿದರೆ ಸಾಕು, ಗಾಡಿ ಎದ್ದುಬಿಡುತ್ತದೆ. ಅದನ್ನು ಎಲ್ಲೆಲ್ಲಿ ಅಡಗಿಸಬಹುದು ಎಂದು ನನಗೆ ಕಲಿಸಿದವರೇ ಮಾಸ್ತರು. ನಾನು ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವ ಆಸಾಮಿ. ಗುರುವಿಗೇ ತಿರುಮಂತ್ರ ಹಾಕುವ ಕೆಲಸ ನನ್ನ ಪಾಲಿಗೇ ಬರಬೇಕಿತ್ತೇ? ಆಗುವುದಿಲ್ಲ ಎನ್ನೋಣವೆಂದರೆ ಆ ಮಗುವಿನ ಮುಖ ಕಣ್ಣ ಮುಂದೆ ಬಂತು.

ಭಾನುವಾರ ಬೆಳಿಗ್ಗೆ ಅವರ ಮನೆಯಂಗಳಕ್ಕೇ ಸಾಮಾನು ತೆಗೆದುಕೊಂಡು ಹೋದೆ. ಮಗಳು ಅಂಗಡಿಗೆ ಹೋಗಿದ್ದಳು. ಒಳಗೆ ಮಾಸ್ತರ ಹೆಂಡತಿ ಇದ್ದರು; ಅವರನ್ನು ನಾನೂ ಅಮ್ಮ ಎಂದೇ ಕರೆಯುವುದು. ಮಾಸ್ತರು ಸ್ಟೂಲ್ ತಂದು ವ್ಯಾನಿನ ಬಾಗಿಲ ಪಕ್ಕದಲ್ಲೇ ಹಾಕಿಕೊಂಡು ಕೂತರು. ಕಳ್ಳರ ಕಾಟ ಹೆಚ್ಚಾಗಿದೆ, ಜೊತೆಗೆ ಅಮ್ಮ ಹತ್ತುವ ಮೊದಲೇ ಎ.ಸಿ. ಓಡಿ ಗಾಡಿ ತಣ್ಣಗಾಗಲಿ ಎಂದು ಸುಳ್ಳಿಗೆ ಅರ್ಧ ನಿಜ ಬೆರೆಸಿ ಹೇಳಿದೆ.

"ಬಾನೆಟ್ ಸ್ವಿಚ್ ಹಾಕಿದ್ಯಾ?"

"ಹಾಕ್ದೆ ಮಾಸ್ತರೇ." ಬಾನೆಟ್ ತೆರೆದಿರುವಾಗ ರಿಮೋಟಿನಿಂದ ಇಂಜಿನ್ ಏಳಬಾರದು. ಎದ್ದರೆ ಒಳಗೆ ಕೈಯಿಟ್ಟವನ ಬೆರಳು ಫ್ಯಾನಿಗೆ ಹೋಗುತ್ತದೆ.

"ಬ್ರೇಕಿಗೆ ವೈರು?"

"ಕೊಟ್ಟಿದೀನಿ." ಕೀ ಇಲ್ಲದೆ ಯಾರಾದರೂ ಬ್ರೇಕ್ ತುಳಿದರೆ ರಿಮೋಟಿನಲ್ಲಿ ಎದ್ದ ಇಂಜಿನ್ ಆರಿಬಿಡಬೇಕು.

ಐದು ನಿಮಿಷಕ್ಕೆ ಮತ್ತೆ, "ಬಾನೆಟ್ ಸ್ವಿಚ್ ಹಾಕಿದ್ಯಾ?" ನಾಲ್ಕು ಸಲ ಕೇಳಿದರು, ನಾಲ್ಕು ಸಲವೂ ಹೇಳಿದೆ. ನನ್ನ ತಾಳ್ಮೆ ಎಷ್ಟು ಎಂದು ನನ್ನ ಗಂಡನನ್ನು ಕೇಳಿ ನೋಡಿ, ಇದು ದಾಖಲೆ.

ಹೀಗೆ ಕಣ್ಣಿಟ್ಟು ಕೂತವರ ಎದುರು ರಿಲೇ ಬಚ್ಚಿಡುವುದಾದರೂ ಹೇಗೆ? ಅವರು ನೀರು ಕುಡಿಯಲು ಎದ್ದುಹೋದ ಗಳಿಗೆಯಲ್ಲಿ ಸ್ಟೀರಿಂಗ್ ಕೆಳಗಿನ ಕವರಿನ ಹಿಂದೆ ತುರುಕಿ, ಟೇಪ್ ಸುತ್ತಿ ಮುಗಿಸಿದೆ. ಅಡುಗೆಮನೆಯ ಕಿಟಕಿಯಿಂದ ಅಮ್ಮ ರಿಮೋಟ್ ಒತ್ತಿದರು. ಯಾರೂ ಕೂರದ ಗಾಡಿ ಗುರ್ರೆಂದು ಎದ್ದಿತು. "ಅಯ್ಯೋ, ದೆವ್ವ ಹೊಕ್ಕಂಗಾಯ್ತಲ್ಲೇ!" ಎಂದು ನಕ್ಕು, ಮತ್ತೆ ಒತ್ತಿ ನಿಲ್ಲಿಸಿದರು.

ನನ್ನ ಸಾಮಾನಿನ ಪೆಟ್ಟಿಗೆಯ ಮೇಲೆ ವ್ಯಾನಿನ ಕೀ ಇತ್ತು. ಅದನ್ನು ಎತ್ತಿಡುವ ಬುದ್ಧಿ ನನಗೆ ಬರಲಿಲ್ಲ. ನೀರು ಕುಡಿದು ಬಂದ ಮಾಸ್ತರು ಅದನ್ನು ತೆಗೆದುಕೊಂಡು ಡ್ರೈವರ್ ಸೀಟಿನಲ್ಲಿ ಕೂತು ತಿರುಗಿಸಿದರು. ಎದುರಿನ ಪುಟ್ಟ ದೀಪಗಳೆಲ್ಲ ಹತ್ತಿದವು, ಇಂಜಿನ್ ಉಸಿರೆತ್ತಲಿಲ್ಲ. ಇನ್ನೊಮ್ಮೆ ತಿರುಗಿಸಿದರು.

ಆಮೇಲೆ ಬಗ್ಗಿ ಕವರಿನ ಹಿಂದೆ ಎಡಗೈ ತೂರಿಸಿದರು. ಅರ್ಧ ನಿಮಿಷದಲ್ಲಿ ರಿಲೇ ಅವರ ಬೆರಳ ಸಂದಿಯಲ್ಲಿತ್ತು.

"ಕಳ್ಳ ಮೊದಲು ಕೈ ಹಾಕೋದೇ ಇಲ್ಲಿ. ಹೇಳಿಕೊಟ್ಟಿದ್ದೆ ಅಲ್ವಾ?"

"ಹೇಳಿಕೊಟ್ಟಿದ್ರಿ."

"ಮತ್ತೆ?" ಅವರು ನನ್ನನ್ನೇ ನೋಡಿದರು. "ಇದು ನನಗಾ?"

ನಾಲ್ಕು ಸುಳ್ಳು ತಯಾರಿಟ್ಟುಕೊಂಡೇ ಹೋಗಿದ್ದೆ. ಒಂದನ್ನೂ ಹೇಳಲಿಲ್ಲ. "ಹೂಂ ಮಾಸ್ತರೇ, ನಿಮಗೇ" ಎಂದೆ.

ಕೂಗಾಡುತ್ತಾರೆ ಅಂದುಕೊಂಡೆ. ಕೂಗಾಡಿದ್ದರೆ ಒಳ್ಳೆಯದಿತ್ತು, ನಾನೂ ಎದುರು ಕೂಗಾಡಿ ಹಗುರಾಗುತ್ತಿದ್ದೆ. ಅವರು ಸ್ಟೀರಿಂಗನ್ನು ಒರೆಸುವವರ ಹಾಗೆ ಸವರುತ್ತಾ ಮೆಲ್ಲಗೆ ಹೇಳಿದರು:

"ಅವತ್ತು ಹಿಂದಿನ ಸೀಟಲ್ಲಿ ಮಗು ಅಳ್ತಿತ್ತು. ಯಾಕೆ ಅಳ್ತಿದೆ ಅಂತ ಗೊತ್ತಾಗ್ಲಿಲ್ಲ. ಆಮೇಲೆ, ಯಾರ ಮಗು ಇದು ಅಂತ ಯೋಚನೆ ಮಾಡ್ತಿದ್ದೆ."

ನನಗೆ ಅಳು ಬಂತು. ಬಂದದ್ದನ್ನು ಬಂತು ಎನ್ನುವುದಕ್ಕೆ ನಾಚಿಕೆಯೇನು?

"ಅಳೋದು ಆಮೇಲೆ. ಮೊದಲು ಇದನ್ನ ಬಿಚ್ಚು" ಎಂದರು. "ನಾನು ಅಂಗಾತ ಮಲಗಿ ಕೈ ಚಾಚಿದ್ರೂ ಸಿಗದಿರೋ ಕಡೆ ಇಡು. ಎಲ್ಲಿಟ್ಟೆ ಅಂತ ನನಗೆ ಹೇಳ್ಬೇಡ. ಇವತ್ತು ಒಪ್ಪಿದ್ದು ನಾಳೆ ನನಗೆ ನೆನಪಿರಲ್ಲ. ಕೇಳ್ತೀನಿ, ಬಾಯಿಗೆ ಬಂದಂಗೆ ಬೈತೀನಿ. ಆದ್ರೂ ಹೇಳ್ಬೇಡ."

ಕೀಯನ್ನು ನನ್ನ ಕೈಗೆ ಕೊಟ್ಟು, ಸ್ಟೂಲ್ ಎತ್ತಿಕೊಂಡು ಒಳಗೆ ಹೋದರು. ಬಾಗಿಲು ಹಾಕಿಕೊಂಡರು. "ಆ ಪರದೆ ಎಳೆದುಬಿಡೇ, ನನಗೆ ಅಂಗಳ ಕಾಣಬಾರದು" ಎಂದು ಅಮ್ಮನಿಗೆ ಹೇಳಿದ್ದು ಹೊರಗೆ ಕೇಳಿಸಿತು.

ಇನ್ನೂ ಎರಡೂವರೆ ಗಂಟೆ ಹಿಡಿಯಿತು. ಎಲ್ಲಿಟ್ಟೆ ಎಂದು ಇಲ್ಲಿಯೂ ಬರೆಯುವುದಿಲ್ಲ. ಕನ್ನಡಕ ಹಾಕಿದರೆ ಮಾಸ್ತರಿಗೆ ಓದು ಇನ್ನೂ ಚೆನ್ನಾಗಿಯೇ ಬರುತ್ತದೆ.

ಒಂಬತ್ತನೇ ದಿನ ಫೋನ್ ಬಂತು. "ಏ ಹುಡುಗಿ, ಯಾವನೋ ನನ್ನ ಗಾಡಿಗೆ ಕೈ ಹಾಕಿದಾನೆ! ಎಲ್ಲಾ ಹುಡುಕಿದೆ, ಸಿಗ್ತಿಲ್ಲ. ಬೇಗ ಬಾ."

ಹೋದೆ. ಅಂಗಿಗೆಲ್ಲ ಧೂಳು ಮೆತ್ತಿಕೊಂಡು ಡ್ರೈವರ್ ಸೀಟಿನಲ್ಲಿ ಕೂತಿದ್ದರು. ಸ್ಟೀರಿಂಗ್ ಕೆಳಗಿನ ಕವರು ಕಿತ್ತು ನೆಲದ ಮೇಲೆ ಬಿದ್ದಿತ್ತು. ಕೈಯಲ್ಲಿ ಟಾರ್ಚು, ಮುಖದಲ್ಲಿ ಕೆಂಡದಂಥ ಸಿಟ್ಟು. ಅಮ್ಮ ಕಿಟಕಿಯಲ್ಲಿ ಕೂತು ನೋಡುತ್ತಿದ್ದರು.

"ಯಾರು ಮಾಡಿದ್ದು ಇದನ್ನ? ನಿನಗೆ ಗೊತ್ತಾ?"

"ನಾನೇ, ಮಾಸ್ತರೇ."

"ನೀನಾ!" ಟಾರ್ಚಿನ ಬೆಳಕನ್ನು ಹಗಲಲ್ಲೇ ನನ್ನ ಮುಖಕ್ಕೆ ಬಿಟ್ಟರು. "ಯಾರು ಹೇಳಿದ್ರು ನಿನಗೆ, ನನ್ನ ಗಾಡಿ ಮುಟ್ಟು ಅಂತ?"

"ನೀವೇ."

"ನಾನಾ?"

"ನೀವೇ ಹೇಳಿದ್ದು. ಕೈ ಚಾಚಿದ್ರೂ ಸಿಗಬಾರದು, ಕೇಳಿದ್ರೂ ಹೇಳಬಾರದು ಅಂದ್ರಿ."

ಅವರಿಗೆ ನೆನಪಾಗಲಿಲ್ಲ, ಅದು ಮುಖದಲ್ಲೇ ಕಾಣುತ್ತಿತ್ತು. ಕೊನೆಗೆ ಟಾರ್ಚ್ ಆರಿಸಿದರು.

"ನಾನು ಹೇಳಿದ್ದೆ ಅಂದ್ರೆ ಸರಿಯಾಗೇ ಹೇಳಿರ್ತೀನಿ" ಎಂದು ಎದ್ದು, ಪಕ್ಕದ ಸೀಟಿಗೆ ಸರಿದು ಕೂತರು.