ಗಾಲಿಯ ಕೂಗು, ಊಟಕ್ಕೆ ಮುಂಚೆ

ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಸೂಜಿಯಕ್ಕ ಎಂದೇ ಕರೆಯುತ್ತಿದ್ದರು. ಗಂಡ ಹೊಲಿಗೆಯವನು. ಹೀಗಾಗಿ ಆ ಮನೆಯಲ್ಲಿ ಎರಡು ಕಡೆಯಿಂದಲೂ ಬರುತ್ತಿದ್ದದ್ದು ಸೂಜಿಯ ಅನ್ನವೇ.

“ನಿಮ್ಮ ಸೂಜಿ ಚುಚ್ಚಿದ್ರೆ ಅಂಗಿ ಆಗುತ್ತೆ. ನನ್ನ ಸೂಜಿ ಚುಚ್ಚಿದ್ರೆ ಮನುಷ್ಯ ಎದ್ದು ಕೂರ್ತಾನೆ” ಎಂದು ಅವಳು ಗಂಡನನ್ನು ಆಡಿಕೊಳ್ಳುತ್ತಿದ್ದಳು.

“ನನ್ನ ಅಂಗಿ ಒಂದಿನಾನೂ ಅಯ್ಯೋ ಅಂದಿಲ್ಲ ಕಣೇ” ಎನ್ನುತ್ತಿದ್ದ ಅವನು, ಬಾಯಲ್ಲಿ ದಾರದ ತುದಿ ಕಚ್ಚಿಕೊಂಡೇ.

ಅವಳ ವಾರ್ಡಿನಲ್ಲಿ ಹನ್ನೆರಡು ಮಂಚ. ಕಿಟಕಿಯ ಪಕ್ಕ ಉಸಿರಿನವರು ನಾಲ್ಕು ಜನ, ಕಕ್ಕಸಿಗೆ ಹತ್ತಿರ ಹೊಟ್ಟೆಯವರು ನಾಲ್ಕು ಜನ, ಅವಳ ಮೇಜಿನ ಎದುರಿಗೇ ಸಕ್ಕರೆಯವರು ನಾಲ್ಕು ಜನ. ಒಬ್ಬೊಬ್ಬರ ಔಷಧಿಗೂ ಊಟಕ್ಕೂ ಒಂದೊಂದು ನೆಂಟಸ್ತಿಕೆ. ಹೊಟ್ಟೆಯ ಮಾತ್ರೆ ಊಟಕ್ಕೆ ಅರ್ಧ ಮುಕ್ಕಾಲು ಗಂಟೆ ಮುಂಚೆ ಖಾಲಿ ಹೊಟ್ಟೆಗೆ ಬೀಳಬೇಕು. ಉಸಿರಿನವರು ಮೊದಲು ಎದೆ ಬಿಚ್ಚುವ ಗಾಳಿ ಎಳೆದುಕೊಳ್ಳಬೇಕು, ಐದು ನಿಮಿಷ ತಡೆದು ಎರಡನೆಯ ಗಾಳಿ, ಆಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು. ಮುಕ್ಕಳಿಸದಿದ್ದರೆ ನಾಲಿಗೆಯ ಮೇಲೆ ಬಿಳಿ ಬೂಸು ಬೆಳೆಯುತ್ತದೆ. ಸಕ್ಕರೆಯ ಮಾತ್ರೆ ಮೊದಲ ತುತ್ತಿನ ಜೊತೆಗೆ. ಸಕ್ಕರೆಯ ಸೂಜಿ ಊಟಕ್ಕೆ ಅರ್ಧ ಗಂಟೆ ಮುಂಚೆ. ಇವೆಲ್ಲದರಲ್ಲಿ ಅವಳು ಹೆದರುತ್ತಿದ್ದದ್ದು ಆ ಸೂಜಿಯೊಂದಕ್ಕೇ.

ಹೆದರಿಕೆಗೆ ಕಾರಣವಿತ್ತು. ಕೆಲಸಕ್ಕೆ ಸೇರಿದ ಮೊದಲ ವರ್ಷ, ಪುಸ್ತಕದಲ್ಲಿ ಬರೆದಿದ್ದಂತೆ ಗಡಿಯಾರ ನೋಡಿ ಹನ್ನೆರಡಕ್ಕೆ ಸರಿಯಾಗಿ ಒಬ್ಬ ಬಸ್ ಕಂಡಕ್ಟರಿಗೆ ಸೂಜಿ ಕೊಟ್ಟಿದ್ದಳು. ಅವತ್ತು ಅಡುಗೆಮನೆಯ ಒಲೆ ಕೆಟ್ಟಿತ್ತು. ಹನ್ನೆರಡೂವರೆಗೆ ಬರಬೇಕಾದ ಊಟ ಒಂದೂವರೆಯಾದರೂ ಇಲ್ಲ. ಕಂಡಕ್ಟರ್ ಬೆವರತೊಡಗಿದ. ಕೈ ನಡುಗಿತು. ಆಮೇಲೆ ಎದ್ದು ನಿಂತು, “ಮುಂದೆ ಸರೀರಿ, ಮುಂದೆ ಜಾಗ ಇದೆ, ಬಾಗ್ಲಲ್ಲಿ ನಿಲ್ಬೇಡಿ” ಎಂದು ಮಂಚಮಂಚಕ್ಕೂ ಹೇಳುತ್ತ ಹೋದ. ವಾರ್ಡಿಗೆ ವಾರ್ಡೇ ನಕ್ಕಿತು. ಅವಳೂ ನಕ್ಕಳು. ಅರ್ಧ ನಿಮಿಷ ನಕ್ಕಿರಬೇಕು, ಅಷ್ಟರಲ್ಲಿ ಅವನು ಬುಡ ಕಡಿದ ಮರದಂತೆ ಬಿದ್ದ. ನರಕ್ಕೆ ಸಕ್ಕರೆ ಏರಿಸಿ ಉಳಿಸಿಕೊಂಡರು. ಅವನು ಗುಣವಾಗಿ ಹೋಗುವಾಗ ಕೈ ಮುಗಿದು ಹೋದ. ಆ ಅರ್ಧ ನಿಮಿಷದ ನಗುವನ್ನು ಮಾತ್ರ ಅವಳು ತನಗೆ ತಾನು ಕ್ಷಮಿಸಲಿಲ್ಲ.

ಅಂದಿನಿಂದ ಅವಳು ಗಡಿಯಾರವನ್ನು ನಂಬಲಿಲ್ಲ. ನಂಬಿದ್ದು ಊಟದ ಗಾಡಿಯ ಮುಂದಿನ ಎಡಗಾಲಿಯನ್ನು.

ಆ ಗಾಲಿ ಕೂಗುತ್ತಿತ್ತು. ಅಡುಗೆಮನೆಯ ಎದುರಿನ ಏರಿನಲ್ಲಿ ಅದು ಮೊದಲ ಸಲ ‘ಕುಯ್ಯ್’ ಎಂದರೆ ಊಟಕ್ಕೆ ಇನ್ನು ಮುಕ್ಕಾಲು ಗಂಟೆ ಎಂದರ್ಥ. ಅವಳು ಹೊಟ್ಟೆಯ ಮಾತ್ರೆ ಹಂಚಿ, ಉಸಿರಿನವರಿಗೆ ಗಾಳಿ ಎಳೆಸುವಳು. ಗಾಡಿ ಹೆಂಗಸರ ವಾರ್ಡಿಗೆ ಬಡಿಸಿ, ಅದರ ಹೊಸಿಲು ಇಳಿದು ಎರಡನೆಯ ಸಲ ಕೂಗಿದರೆ ಅರ್ಧ ಗಂಟೆ. ಅಲ್ಲಿಂದ ಈಚೆಗೆ ಎರಡೇ ವಾರ್ಡು, ಅದೂ ಇಳಿಜಾರು. ತಳ್ಳುವವನು ಕೈಬಿಟ್ಟರೂ ಗಾಡಿ ತಾನಾಗಿ ಬಂದು ಸೇರುವ ಹಾದಿ. ಆಗ ಸೂಜಿ. ಮೂರನೆಯ ಕೂಗು ತನ್ನ ಬಾಗಿಲಲ್ಲಿ ಕೇಳಿದಾಗ ಸಕ್ಕರೆಯ ಮಾತ್ರೆ ತಟ್ಟೆಯ ಅಂಚಿಗೆ. ಹೀಗೆ ಇಪ್ಪತ್ತಾರು ವರ್ಷ. ಒಲೆ ಕೆಟ್ಟಿತು, ಅಡುಗೆಯವರು ಜಗಳವಾಡಿ ಸೌಟು ಎಸೆದರು, ಒಂದು ದಿನ ಅನ್ನದ ಪಾತ್ರೆಯೇ ಉರುಳಿತು. ಅವಳ ವಾರ್ಡಿನಲ್ಲಿ ಮತ್ತೊಬ್ಬರು ಬೀಳಲಿಲ್ಲ.

ಆಗ ಬಂದರು ಹೊಸ ಆಡಳಿತಾಧಿಕಾರಿ. ಅವರಿಗೆ ಸದ್ದೆಂದರೆ ಆಗದು. ಹೋದಲ್ಲೆಲ್ಲ ತುಟಿಯ ಮೇಲೆ ಬೆರಳಿಟ್ಟು ‘ಶ್’ ಎನ್ನುತ್ತಿದ್ದರು. ಎರಡೇ ದಿನದಲ್ಲಿ ರೋಗಿಗಳು ಅವರಿಗೆ ಶ್ ಸಾಹೇಬ್ರು ಎಂದು ಹೆಸರಿಟ್ಟರು. ಬಾಗಿಲುಗಳ ತಿರುಗಣೆಗೆ ಎಣ್ಣೆ ಬಿತ್ತು, ಕುರ್ಚಿಯ ಕಾಲಿಗೆ ರಬ್ಬರು ಬಂತು. ಒಂದು ಸೋಮವಾರ ಊಟದ ಗಾಡಿ ಕಳ್ಳನ ಹಾಗೆ ಬಂದು ವಾರ್ಡಿನ ನಡುವೆ ನಿಂತಿತ್ತು.

ಸೂಜಿಯಕ್ಕ ಕೈಯಲ್ಲಿದ್ದ ಹತ್ತಿ ಬಿಟ್ಟು ನೋಡಿದಳು. “ಯಾವಾಗ ಬಂದೆಯಪ್ಪಾ?”

“ಈಗಲೇ ಅಕ್ಕ” ಎಂದ ಗಾಡಿಯಣ್ಣ. ಹದಿನೆಂಟು ವರ್ಷ ಆ ಗಾಡಿ ತಳ್ಳಿದವನು, ಅವತ್ತು ತಪ್ಪು ಮಾಡಿದವನ ಮುಖ ಮಾಡಿಕೊಂಡಿದ್ದ. “ರಿಪೇರಿಯವನು ಎಣ್ಣೆ ಬಿಟ್ಟ. ನಂಗೇ ಭಯ ಆಗ್ತಿದೆ. ಜೊತೆಗಿದ್ದೋರು ಯಾರೋ ಇಲ್ದೇ ಹೋದ ಹಾಗೆ.”

ಯಾರಿಗೂ ಏನೂ ಕೊಟ್ಟಿರಲಿಲ್ಲ. ಸೂಜಿ ಕೊಟ್ಟು ಅರ್ಧ ಗಂಟೆ ತಟ್ಟೆ ಮುಚ್ಚಿಡಬೇಕಾಯಿತು. ಇನ್ನೂ ವಿಚಿತ್ರವೆಂದರೆ ಯಾರಿಗೂ ಹಸಿವಿರಲಿಲ್ಲ. ಹೊಟ್ಟೆಹುಣ್ಣಿನವನೊಬ್ಬ ಅನ್ನ ಮುಟ್ಟದೆ ಗೋಡೆಗೆ ತಿರುಗಿದ. “ಕೂಗೇ ಕೇಳಿಲ್ಲ, ಹೊಟ್ಟೆ ಹ್ಯಾಗೆ ತೆರೆಯುತ್ತೆ?” ಎಂಬುದು ಅವನ ವಾದ.

ನಾಲ್ಕನೆಯ ಮಂಚದಲ್ಲಿ ಮೇಷ್ಟ್ರು ಇದ್ದರು, ಲೆಕ್ಕ ಕಲಿಸಿ ನಿವೃತ್ತರಾದವರು. “ಬೆಕ್ಕಿಗೆ ಗಂಟೆ ಕಟ್ಟೋರು ಯಾರು ಅಂತ ಮಕ್ಕಳಿಗೆ ಕೇಳ್ತಿದ್ದೆ. ಕಟ್ಟಿದ ಗಂಟೆ ಬಿಚ್ಚೋರನ್ನ ಇವತ್ತೇ ನೋಡಿದ್ದು” ಎಂದರು.

ಸೂಜಿಯಕ್ಕ ಎಲ್ಲರಿಗಿಂತ ಹೆಚ್ಚು ಹೆದರಿದ್ದು ಈ ಮೇಷ್ಟ್ರಿಗಾಗಿ. ಅವರದು ಹಳೆಯ ಸಕ್ಕರೆ. ಇಳಿಯುವಾಗ ಹೇಳಿ ಇಳಿಯುತ್ತಿರಲಿಲ್ಲ. ಬೆವರಿಲ್ಲ, ನಡುಕವಿಲ್ಲ, ಮಾತಿನ ನಡುವೆಯೇ ಕಣ್ಣು ಮೇಲಾಗುತ್ತಿತ್ತು. ಅವರಿಗೆ ಊಟ ತಪ್ಪಿದ ಒಂದು ಸೂಜಿ ಸಾಕು.

ಅವಳು ರಿಪೇರಿ ಕೋಣೆಗೆ ಹೋಗಿ ಅರ್ಜಿ ಕೊಟ್ಟಳು. ಗಾಲಿಯ ಸದ್ದನ್ನು ವಾಪಸ್ ಕೊಡಿಸಬೇಕಾಗಿ ವಿನಂತಿ.

ರಿಪೇರಿಯವನು ಅದನ್ನು ತಿರುಗಿಸಿ ಮುರುಗಿಸಿ ಓದಿದ. “ಅಕ್ಕ, ಸದ್ದು ತೆಗೆಯೋಕೆ ಫಾರಂ ಇದೆ. ಸದ್ದು ಹಾಕೋಕೆ ಫಾರಂ ಇಲ್ಲ.”

“ಎಣ್ಣೆ ಒರೆಸಿಬಿಡಪ್ಪ, ಫಾರಂ ಯಾಕೆ?”

“ಒರೆಸಿದ್ರೆ ಕೆಟ್ಟಿದ್ದು ಅಂತ ಆಗುತ್ತೆ. ಕೆಟ್ಟಿದ್ದನ್ನ ನಾನು ರಿಪೇರಿ ಮಾಡ್ಬೇಕು. ಮಾಡಿದ್ರೆ ಮತ್ತೆ ಎಣ್ಣೆ ಬಿಡ್ಬೇಕು.” ಅವನು ಸುಳ್ಳು ಹೇಳುವ ಮನುಷ್ಯನಲ್ಲ. “ಅದೂ ಸಾಮಾನ್ಯ ಎಣ್ಣೆ ಅಲ್ಲ ಅಕ್ಕ. ಉಗ್ರಾಣದಲ್ಲಿ ಮುಗಿದಿತ್ತು. ನಿಮ್ಮ ಯಜಮಾನ್ರ ಹತ್ರ ಇಸ್ಕೊಂಡು ಬಂದೆ.”

ಸಂಜೆ ಮನೆಗೆ ಬಂದವಳೇ ಗಂಡನ ಮುಂದೆ ನಿಂತಳು. ಕುಂಬಳಕಾಯಿ ಕಳ್ಳ ಎನ್ನುವ ಮೊದಲೇ ಅವನು ಹೆಗಲು ಮುಟ್ಟಿ ನೋಡಿಕೊಂಡ. “ನಾನೇನು ಮಾಡಿದೆ? ಕೇಳಿದ, ಕೊಟ್ಟೆ. ಮಿಷಿನ್ನಿಗೆ ಹಾಕೋ ಒಳ್ಳೆ ಎಣ್ಣೆ ಅದು.”

“ಎಷ್ಟು ದಿನ ಇರುತ್ತೆ?”

“ಆರು ತಿಂಗ್ಳು ಉಸಿರೆತ್ತಲ್ಲ” ಎಂದ ಅವನು, ಹೆಮ್ಮೆಯನ್ನು ಮುಚ್ಚಿಡಲಾಗದೆ.

ಅವತ್ತು ಅವನ ತಟ್ಟೆಗೆ ಅನ್ನ ಮಾತ್ರ ಬಿತ್ತು, ಮಾತು ಬೀಳಲಿಲ್ಲ.

ಮಂಗಳವಾರ ಅವಳು ಶ್ ಸಾಹೇಬರ ಕೋಣೆಗೆ ಹೋದಳು. ಅವರು ಪೂರ್ತಿ ಕೇಳಿದರು. ಕೇಳಿ, ಗೋಡೆಯ ಗಡಿಯಾರ ತೋರಿಸಿದರು. “ಹನ್ನೆರಡಕ್ಕೆ ಸೂಜಿ. ಹನ್ನೆರಡೂವರೆಗೆ ಊಟ. ಇದರಲ್ಲಿ ಗಾಲಿ ಎಲ್ಲಿ ಬಂತಮ್ಮ?”

“ಊಟ ಗಡಿಯಾರದಲ್ಲಿ ಬರಲ್ಲ ಸಾರ್, ಗಾಡಿಯಲ್ಲಿ ಬರುತ್ತೆ.”

“ನಾಳೆ ನಾನೇ ಬಂದು ನಿಲ್ತೀನಿ. ಹನ್ನೆರಡಕ್ಕೆ ಸೂಜಿ ಬೀಳದಿದ್ರೆ ನೀವು ಬಟ್ಟೆ ಉಗ್ರಾಣಕ್ಕೆ ಹೋಗಿ. ಅಲ್ಲಿ ಹೊದಿಕೆ ಮಡಚ್ಕೊಂಡು ಇರಬಹುದು.” ಅಷ್ಟು ಹೇಳಿ, ಅವಳು ಬಾಯಿ ತೆರೆಯುವುದರೊಳಗೆ, “ಶ್” ಎಂದರು.

ಬುಧವಾರ ಬೆಳಿಗ್ಗೆ ಗಾಡಿಯಣ್ಣನೇ ಒಂದು ದಾರಿ ಹುಡುಕಿಕೊಂಡು ಬಂದ. “ಹದಿನೆಂಟು ವರ್ಷ ಕೇಳಿದೀನಿ ಅಕ್ಕ. ಗಾಲಿ ಕೂಗದಿದ್ರೆ ನಾನೇ ಕೂಗ್ತೀನಿ.” ಕೂಗಿಯೂ ತೋರಿಸಿದ. ಎಂಥ ಕೂಗು ಎಂದರೆ, ಹೊಟ್ಟೆಹುಣ್ಣಿನವನು ನಿದ್ದೆಗಣ್ಣಿನಲ್ಲೇ ತಟ್ಟೆಗೆ ಕೈ ಚಾಚಿದ.

“ಮೂರೂ ಜಾಗದಲ್ಲಿ ಗಾಲಿ ಕೂಗಿದ ಹಾಗೇ ಕೂಗು. ಯಾರು ಮಾತಾಡಿಸಿದ್ರೂ ಕುಯ್ಯ್ ಬಿಟ್ಟು ಬೇರೆ ಮಾತಾಡ್ಬೇಡ” ಎಂದಳು ಅವಳು. ಅವನು ಎದೆಯ ಮೇಲೆ ಕೈಯಿಟ್ಟು ಮಾತು ಕೊಟ್ಟ.

ಮಧ್ಯಾಹ್ನಕ್ಕೆ ಮುಂಚೆಯೇ ಶ್ ಸಾಹೇಬರು ಕೈಗಡಿಯಾರ ನೋಡಿಕೊಳ್ಳುತ್ತ ಬಂದು ನಾಲ್ಕನೆಯ ಮಂಚದ ಪಕ್ಕ ನಿಂತರು. ದೂರದ ಏರಿನಿಂದ ಕುಯ್ಯ್ ಎಂದು ಕೇಳಿಸಿತು. ಸೂಜಿಯಕ್ಕ ಹೊಟ್ಟೆಯ ಮಾತ್ರೆ ಹಂಚಿದಳು. ಉಸಿರಿನವರು ಗಾಳಿ ಎಳೆದು, ತಡೆದು, ಮತ್ತೆ ಎಳೆದು, ಮುಕ್ಕಳಿಸಿ ಉಗುಳಿದರು. ಅವಳು ನಾಲ್ಕು ಸೂಜಿ ತುಂಬಿ ತಟ್ಟೆಯಲ್ಲಿಟ್ಟು ಕಿವಿಗೊಟ್ಟಳು. ಎರಡನೆಯ ಕೂಗು ಬರಲಿಲ್ಲ.

“ಹನ್ನೆರಡಾಯ್ತು” ಎಂದರು ಸಾಹೇಬರು.

“ಗಾಡಿ ಹೆಂಗಸರ ವಾರ್ಡು ದಾಟಿಲ್ಲ ಸಾರ್.”

“ಹನ್ನೆರಡೂ ಒಂದು.”

ಮೇಷ್ಟ್ರು ಆಗಲೇ ತೋಳು ಮಡಚಿ ಕೂತಿದ್ದರು. ಅವಳು ಸೂಜಿ ಎತ್ತಿಕೊಂಡಳು. ಆ ಹಳೆಯ ಕಂಡಕ್ಟರು ಕಣ್ಣೆದುರಿಗೆ ಬಂದು, ಮುಂದೆ ಸರೀರಿ ಎಂದ. ಅವಳು ಸೂಜಿಯನ್ನು ತಟ್ಟೆಗೆ ಇಟ್ಟುಬಿಟ್ಟಳು.

“ಒಳಗೆ ಹೋದದ್ದನ್ನ ವಾಪಸ್ ಕರೆಯೋಕಾಗಲ್ಲ ಸಾರ್” ಎಂದು ಸೊಂಟದಿಂದ ಔಷಧಿ ಬೀರುವಿನ ಬೀಗದಕೈ ಬಿಚ್ಚಿ ಅವರ ಕೈಯಲ್ಲಿಟ್ಟಳು. “ಬಟ್ಟೆ ಉಗ್ರಾಣ ಯಾವ ಕಡೆ?”

ಸಾಹೇಬರು ಜೊತೆಯ ನರ್ಸಿನ ಕಡೆ ತಿರುಗಿದರು. ಇಪ್ಪತ್ತು ವರ್ಷ ಅಕ್ಕನ ಪಕ್ಕ ದುಡಿದವಳು ಅವಳು. ಸೂಜಿಯನ್ನು ನೋಡಿದಳು, ಬಾಗಿಲು ನೋಡಿದಳು. “ನಂಗೂ ಹೊದಿಕೆ ಮಡಚೋಕೆ ಬರುತ್ತೆ ಸಾರ್” ಎಂದಳು.

ಅಷ್ಟರಲ್ಲಿ ಬಾಗಿಲು ದಢಾರನೆ ತೆರೆಯಿತು. ಬಂದದ್ದು ಊಟವಲ್ಲ, ಸ್ಟ್ರೆಚರು. ಅದರ ಮೇಲೆ ಮೂಗುಬಾಯಿಗೆ ಮುಖವಾಡ ಹಾಕಿಸಿಕೊಂಡು ಗಾಡಿಯಣ್ಣ ಮಲಗಿದ್ದ. ಮುಖವಾಡದಿಂದ ಔಷಧಿಯ ಹೊಗೆ ಬುಸುಬುಸು ಬರುತ್ತಿತ್ತು. ಹಿಂದೆ ಎದೆ ಡಾಕ್ಟರು, ಗೆದ್ದು ಬಂದವರ ಮುಖದಲ್ಲಿ.

“ಜೋರು ಉಬ್ಬಸ. ಇಂಥ ಸದ್ದು ನಾನು ಓದುವಾಗಲೂ ಕೇಳಿರಲಿಲ್ಲ. ಉಸಿರು ಕಟ್ತಿದೆಯಾ ಅಂದೆ, ಕುಯ್ಯ್ ಅಂದ. ಎಷ್ಟು ದಿನದಿಂದ ಅಂದೆ, ಕುಯ್ಯ್ ಅಂದ. ಎರಡು ಮಾತು ಆಡೋಕೂ ಆಗ್ತಿರಲಿಲ್ಲ ಪಾಪ.”

“ಗಾಡಿ ಎಲ್ಲಿ?” ಎಂದಳು ಸೂಜಿಯಕ್ಕ.

ಗಾಡಿಯಣ್ಣ ಮುಖವಾಡ ಓರೆ ಮಾಡಿದ. “ಏರಿನ ಮೇಲೆ ಅಕ್ಕ. ಇವ್ರು ಹಿಡ್ಕೊಂಡ್ರು. ಮಾತು ಕೊಟ್ಟಿದ್ದೆ, ಕುಯ್ಯ್ ಬಿಟ್ಟು ಬೇರೇನೂ ಅನ್ಲಿಲ್ಲ.” ಡಾಕ್ಟರು ಮುಖವಾಡವನ್ನು ಮತ್ತೆ ಸರಿಯಾಗಿ ಒತ್ತಿದರು.

ಗಾಡಿಯನ್ನು ಯಾರು ತಳ್ಳಬೇಕೆಂದು ಅಡುಗೆಮನೆಯಲ್ಲಿ ಜಗಳ ಹತ್ತಿತು. ಕೊನೆಗೆ ಅಡುಗೆಯಾಕೆಯೇ ಶಪಿಸುತ್ತ ತಳ್ಳಿಕೊಂಡು ಬಂದಾಗ ಒಂದು ಗಂಟೆ ಹತ್ತು ನಿಮಿಷ. ಅಷ್ಟು ಹೊತ್ತೂ ಶ್ ಸಾಹೇಬರು ಬೀಗದಕೈ ಹಿಡಿದುಕೊಂಡು ಅಲ್ಲೇ ನಿಂತಿದ್ದರು. ಮೇಷ್ಟ್ರು ಕನ್ನಡಕ ಏರಿಸಿ ಅವರಿಗೊಂದು ಲೆಕ್ಕ ಕೊಟ್ಟರು.

“ಹನ್ನೆರಡಕ್ಕೆ ಸೂಜಿ. ಒಂದೂ ಹತ್ತಕ್ಕೆ ಅನ್ನ. ಮಧ್ಯದಲ್ಲಿ ನಾನು ಎಲ್ಲಿರ್ತಿದ್ದೆ? ನಿಧಾನಕ್ಕೆ ಬಿಡಿಸಿ, ಅವಸರ ಇಲ್ಲ.”

ಸಾಹೇಬರು ಬಿಡಿಸಿದರು ಅಂತ ಕಾಣುತ್ತದೆ. ಮುಖ ಸುಣ್ಣದ ಹಾಗಾಯಿತು. ಬೀಗದಕೈಯನ್ನು ಸೂಜಿಯಕ್ಕನ ಮೇಜಿನ ಮೇಲೆ ಸದ್ದಾಗದಂತೆ ಇಟ್ಟರು. “ಆದ್ರೂ ಗಾಲಿಗೆ ಸದ್ದು ಹಾಕಿಸೋಕೆ ನನ್ನ ಹತ್ರ ಯಾವ ನಿಯಮಾನೂ ಇಲ್ಲಮ್ಮ” ಎಂದರು. ಆ ದನಿಯಲ್ಲಿ ಅರ್ಧ ಬೇಡಿಕೆಯಿತ್ತು.

“ನನ್ನ ಹತ್ರ ಚೀಟಿ ಇದೆ” ಎಂದರು ಎದೆ ಡಾಕ್ಟರು. ತಾವು ಉಬ್ಬಸ ಎಂದು ಹಿಡಿದದ್ದು ಏನನ್ನು ಎಂಬುದು ಆ ಹೊತ್ತಿಗೆ ಅವರಿಗೂ ತಿಳಿದಿತ್ತು. ಒಪ್ಪಿಕೊಳ್ಳುವುದಕ್ಕಿಂತ ಬೇರೇನಾದರೂ ಮಾಡುವುದು ಅವರಿಗೆ ಹಗುರವೆನಿಸಿತ್ತು. ಡಾಕ್ಟರು ಬರೆದ ಚೀಟಿಗೆ ಆಸ್ಪತ್ರೆ ಇಲ್ಲ ಎನ್ನುವಂತಿಲ್ಲ, ಅದು ಅಲ್ಲಿನ ಕಟ್ಟಳೆ. ಮೇಷ್ಟ್ರ ಹೆಸರಿಗೇ ಬರೆದರು. ಗಾಲಿಯ ಕೂಗು, ದಿನಕ್ಕೆ ಮೂರು ಸಲ, ಊಟಕ್ಕೆ ಮುಂಚೆ.

ಔಷಧಿ ಕೊಡುವಾತ ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿದ. “ಯಾವ ಕಂಪನಿದು? ಎಷ್ಟು ಮಿಲಿಗ್ರಾಮ್?”

“ಏರಿನಿಂದ ನಮ್ಮ ಕಿವಿಗೆ ಬೀಳುವಷ್ಟು” ಎಂದಳು ಸೂಜಿಯಕ್ಕ.

“ದಾಸ್ತಾನಿಲ್ಲ.” ಅವನು ದಪ್ಪ ಪುಸ್ತಕ ತೆರೆದು ಹುಡುಕಿದ, ಬೆರಳು ನೆನೆಸಿ ಹಾಳೆ ತಿರುವಿದ. “ಬದಲಿಗೆ ಸ್ಪಿರಿಟ್ ಕೊಡಬಹುದು. ಎಣ್ಣೆ ಹೋಗುತ್ತೆ. ಹೊರಗಡೆ ಹಚ್ಚೋಕೆ ಮಾತ್ರ, ಗಾಲಿ ಕುಡೀಬಾರ್ದು.” ನಗದೆ ಹೇಳಿದ, ನಗದೆ ಚೀಟಿ ಬರೆದು ಸೀಸೆಗೆ ಅಂಟಿಸಿದ.

ಸ್ಪಿರಿಟ್ ಹಚ್ಚಿದ್ದು ಅವಳ ಗಂಡ. ಸಂಜೆ ಹೊಲಿಗೆ ಬಿಟ್ಟು ಬಂದು, ಚಿಂದಿ ಬಟ್ಟೆಯಲ್ಲಿ ಅದ್ದಿ ಅದ್ದಿ ತಾನು ಕೊಟ್ಟ ಎಣ್ಣೆಯನ್ನು ತಾನೇ ತೆಗೆದ. ಮಾಡಿದ್ದುಣ್ಣೋ ಮಹರಾಯ ಎಂದು ಅವಳು ಪಕ್ಕದಲ್ಲಿ ನಿಂತು ಲಾಟೀನು ಹಿಡಿದಂತೆ ಸೀಸೆ ಹಿಡಿದಿದ್ದಳು. ಉಜ್ಜಿ ಮುಗಿದ ಮೇಲೆ ಅವನು ಗಾಲಿ ತಿರುಗಿಸಿದ. ಅದು ಸ್ವಲ್ಪ ಯೋಚಿಸಿ, ಕುಯ್ಯ್ ಎಂದಿತು. ಅವನು ಹೆಂಡತಿಯ ಮುಖ ನೋಡಿದ. “ಇವತ್ತು ಮಾತು ಬಡಿಸ್ತೀಯಾ?” ಎಂದ.

ಗಾಡಿಯಣ್ಣನಿಗೆ ಮಾತ್ರ ಮೂರು ದಿನ ಬಿಡುಗಡೆಯಾಗಲಿಲ್ಲ. ಔಷಧಿ ಕೊಟ್ಟ ಮೇಲೆ ಸದ್ದು ನಿಂತಿದೆ, ಆದ್ದರಿಂದ ಅದು ಉಬ್ಬಸವೇ ಎಂದು ಡಾಕ್ಟರು ಕಾಗದದಲ್ಲಿ ಬರೆದಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅವನು ಕಿಟಕಿಯ ಪಕ್ಕ ಮಲಗಿ, ಹೊತ್ತುಹೊತ್ತಿಗೆ ಗಾಳಿ ಎಳೆದು, ಮರೆಯದೆ ಬಾಯಿ ಮುಕ್ಕಳಿಸಿ, ತನ್ನ ಗಾಡಿಯಲ್ಲಿ ಬಂದ ಊಟವನ್ನು ಮೊದಲ ಸಲ ಬಿಸಿಯಾಗಿ ಉಂಡ.

ಗುರುವಾರ ಮಧ್ಯಾಹ್ನ ಶ್ ಸಾಹೇಬರು ಮತ್ತೆ ಬಂದು ಬಾಗಿಲಲ್ಲಿ ನಿಂತರು. ಹನ್ನೆರಡು ದಾಟಿತ್ತು, ಹತ್ತು ನಿಮಿಷವೂ ಆಗಿತ್ತು. ಮೊದಲ ಕೂಗು ಬಂದು ಹೋಗಿತ್ತು. ಹೊಟ್ಟೆಹುಣ್ಣಿನವನು ಏನೋ ಹರಟುತ್ತಿದ್ದ, ಗಾಡಿಯಣ್ಣ ನಗುತ್ತಿದ್ದ. ಸಾಹೇಬರು ತುಟಿಯ ಮೇಲೆ ಬೆರಳಿಟ್ಟು ಎಲ್ಲರನ್ನೂ ಸುಮ್ಮನಾಗಿಸಿದರು. ಕತ್ತು ಮುಂದೆ ಚಾಚಿ ಓಣಿಯ ಕಡೆ ಕಿವಿಗೊಟ್ಟರು.

ಹೆಂಗಸರ ವಾರ್ಡಿನ ಹೊಸಿಲಿನಿಂದ ಬಂತು, ಉದ್ದಕ್ಕೆ, ಎಣ್ಣೆ ಕಾಣದ ದನಿಯಲ್ಲಿ.

“ದಾಟಿತು” ಎಂದರು ಸಾಹೇಬರು, ಪಿಸುಮಾತಿನಲ್ಲಿ.

ಮೇಷ್ಟ್ರು ಓದುತ್ತಿದ್ದ ಪುಸ್ತಕದಿಂದ ಕಣ್ಣೆತ್ತದೆ ತೋಳು ಮಡಚಿದರು. ಸೂಜಿಯಕ್ಕ ಹತ್ತಿ ಒತ್ತಿದಳು.