ಹೆದರಿಕೊಂಡೇ ಉಣ್ಣು ಎಂದವರು

ಅವರ ಎರಡೂ ಕಿವಿಗಳ ಅಂಚಿನುದ್ದಕ್ಕೂ ಬೆಳ್ಳಿಯ ಬಾಲಿಗಳು ಸಾಲಾಗಿ ನೇತಾಡುತ್ತಿದ್ದವು. ಆ ಭಾರಕ್ಕೆ ಕಿವಿಯ ಮೇಲಂಚು ಬಾಡಿದ ಎಲೆಯಂತೆ ಮುಂದಕ್ಕೆ ಬಾಗಿತ್ತು. ತಲೆತುಂಬ ಸೆರಗು ಹೊದ್ದು ನಡೆದು ಬಂದರೆ ಬಟ್ಟೆಯೊಳಗಿಂದಲೇ ಸಣ್ಣಗೆ ಕಿಣಿಕಿಣಿ ಕೇಳುತ್ತಿತ್ತು. ಬಂದದ್ದು ಅದರಿಂದಲೇ ತಿಳಿಯುತ್ತಿತ್ತು, ಹಾಗಾಗಿ ಅವರು ನಮ್ಮ ಮನೆಯ ಬಾಗಿಲು ತಟ್ಟಿದ್ದನ್ನು ನಾನು ಕಂಡೇ ಇಲ್ಲ.

ನಾನು ಮದುವೆಯಾಗಿ ಶಿರಾಕ್ಕೆ ಬಂದದ್ದು ಐವತ್ತರ ದಶಕದ ಕೊನೆಯಲ್ಲಿ. ನಮ್ಮ ಗೋಡೆಗೆ ಗೋಡೆ ಅಂಟಿಕೊಂಡಿದ್ದದ್ದು ಅವರ ಮನೆ. ಅವರ ಗಂಡ ತಾಮ್ರ, ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ಮನೆಯ ಮುಂದಿನ ಚಪ್ಪರದಲ್ಲಿ ಇವರು ತಿದಿ ಒತ್ತುವುದು, ಗಂಡ ಕಾದ ಪಾತ್ರೆಯೊಳಗೆ ನವಸಾಗರದ ಪುಡಿ ಎರಚಿ ಅರಳೆಯಿಂದ ಉಜ್ಜುವುದು. ಬುಸ್ಸೆಂದು ಬಿಳಿ ಹೊಗೆ ಎದ್ದು ನೇರವಾಗಿ ನಮ್ಮ ಹಿತ್ತಲಿಗೆ ಬರುತ್ತಿತ್ತು. ಆ ಹೊಗೆಯ ವಿಷಯಕ್ಕೆ ನಮ್ಮ ಅತ್ತೆಗೂ ಅವರಿಗೂ ಗೋಡೆಯ ಎರಡು ಕಡೆಯಿಂದ ವಾರಕ್ಕೊಮ್ಮೆಯಾದರೂ ಮಾತು ನಡೆಯುತ್ತಿತ್ತು. ಬೀದಿಯವರೆಲ್ಲ ಅವರನ್ನು ಖಾಲಾ ಎನ್ನುತ್ತಿದ್ದರು; ಅವರ ಮಾತಿನಲ್ಲಿ ತಾಯಿಯ ಒಡಹುಟ್ಟಿದವಳು ಎಂದರ್ಥ. ನಾನೂ ಹಾಗೆಯೇ ಕರೆದೆ.

ಖಾಲಾ ಬರಿಗೈಯಲ್ಲಿ ಕೂತದ್ದನ್ನು ನಾನು ನೋಡಿಲ್ಲ. ಮಾತಾಡಲು ಬಂದರೆ ಮೊರದಲ್ಲಿದ್ದ ಅಕ್ಕಿಯನ್ನು ಹತ್ತಿರಕ್ಕೆಳೆದುಕೊಂಡು ಕಲ್ಲು ಆರಿಸುತ್ತಿದ್ದರು, ಇಲ್ಲವೇ ನನ್ನ ಮಗಳನ್ನು ಮೊಣಕಾಲ ನಡುವೆ ಸಿಕ್ಕಿಸಿಕೊಂಡು ಜಡೆ ಹಾಕುತ್ತಿದ್ದರು. ಹತ್ತಿರ ಕೂತವರೊಡನೆಯೂ ಗಟ್ಟಿಯಾಗಿಯೇ ಮಾತು. ಜೀವನವಿಡೀ ತಿದಿಯ ಸದ್ದಿನ ಮೇಲೆ ಮಾತಾಡಿ ಬಂದ ಗಂಟಲು ಅದು.

ಮಗಳಿಗೆ ಎರಡು ತುಂಬಿ ಹಾಲು ಬಿಡಿಸಿದ ಮೇಲೆ ಒಂದು ದಿನ ಸ್ನಾನ ಮಾಡುವಾಗ ನನ್ನ ಎಡ ಎದೆಯಲ್ಲಿ, ಕಂಕುಳ ಪಕ್ಕಕ್ಕೆ, ಹುಣಸೆಬೀಜದಷ್ಟರ ಗಟ್ಟಿ ಗಂಟು ಕೈಗೆ ಸಿಕ್ಕಿತು.

ನನ್ನ ಅವ್ವ ಸತ್ತದ್ದು ಅದರಿಂದಲೇ. ಬಡವನಹಳ್ಳಿ ಹತ್ತಿರದ ನಮ್ಮ ಊರಿನಲ್ಲಿ, ಹಿಂದಿನ ಕೋಣೆಯಲ್ಲಿ, ಎದೆಯ ಮೇಲಿನ ಹುಣ್ಣಿಗೆ ಬೇವಿನೆಲೆ ಅರೆದು ಕಟ್ಟಿಕೊಂಡು ಮಲಗಿರುತ್ತಿದ್ದಳು. ನನ್ನನ್ನು ಬಾಗಿಲಿನಿಂದಾಚೆಗೇ ನಿಲ್ಲಿಸುತ್ತಿದ್ದರು. ಆ ಕಾಯಿಲೆಯ ಹೆಸರನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಅವಳು ಮೊದಲು ಯಾವಾಗ ಅದನ್ನು ಕಂಡಳೋ, ಎಷ್ಟು ಕಾಲ ಒಬ್ಬಳೇ ಬಚ್ಚಿಟ್ಟುಕೊಂಡಿದ್ದಳೋ ನನಗೆ ಇವತ್ತಿಗೂ ತಿಳಿಯದು.

ನಾನೂ ಯಾರಿಗೂ ಹೇಳಲಿಲ್ಲ. ನನ್ನ ಗಂಡ ಪಾವಗಡದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಶನಿವಾರ ಬಂದು ಸೋಮವಾರ ಮೊದಲ ಬಸ್ಸಿಗೆ ಹೋಗುವವರು. ಅವರೊಡನೆ ಇಂಥ ಮಾತು ತೆಗೆಯುವುದು ಹೇಗೆಂದು ನನಗೆ ತಿಳಿಯಲಿಲ್ಲ. ಅತ್ತೆಗೆ ಹೇಳಲು ಹೆದರಿಕೆ. ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಮಗಳು ಮೈಮೇಲೆ ಬಿದ್ದರೆ ಬಲಗಡೆಗೆ ಸರಿಸಿಕೊಳ್ಳುತ್ತಿದ್ದೆ.

ಒಂದು ದಿನ ಬಾವಿಯ ಹತ್ತಿರ ನಾವಿಬ್ಬರೇ ಇದ್ದಾಗ ಖಾಲಾ ನನ್ನ ಕೈಯಿಂದ ಹಗ್ಗ ತೆಗೆದುಕೊಂಡು ತಾವೇ ಸೇದುತ್ತ ಕೇಳಿದರು.

"ಎಷ್ಟು ದಿವಸ ಆಯ್ತು?"

"ಏನು ಖಾಲಾ?"

"ಆ ಕಂಕುಳ ಪಕ್ಕ ಇರೋದು. ನೋಡ್ತಾನೇ ಇವ್ನಿ. ಗಳಿಗೆಗೊಂದು ಸಲ ನಿನ್ನ ಕೈ ಅಲ್ಲಿಗೇ ಓಯ್ತದೆ."

ಅವರ ಗಂಟಲು ಅಷ್ಟು ಮೆತ್ತಗಾಗಬಲ್ಲದೆಂದು ನನಗೆ ಅವತ್ತೇ ಗೊತ್ತಾದದ್ದು. ಸುಳ್ಳು ಹೇಳಲಾಗಲಿಲ್ಲ. "ನಮ್ಮವ್ವ ಅಂಗೇ ಸತ್ತಿದ್ದು ಖಾಲಾ" ಎಂದೆ.

ಬೇರೆ ಯಾರಾದರೂ ಆಗಿದ್ದರೆ 'ಬಿಡ್ತು ಅನ್ನು' ಎಂದು ಬಾಯಿ ಮುಚ್ಚಿಸುತ್ತಿದ್ದರು. ಇವರು ಕೊಡವನ್ನು ಕಟ್ಟೆಯ ಮೇಲಿಟ್ಟರು. "ಅದೇ ಇರಬೌದು, ಅಲ್ದೇನೂ ಇರಬೌದು. ನಿಂಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ. ಗೊತ್ತಿರೋರ ತಾವ ಓಗಾನ."

"ಹೆದರ್ಕೆ ಆಯ್ತದೆ. ಊಟ ಸೇರಲ್ಲ."

"ಹೆದರ್ಕೊ ಬೇಟಿ. ಬ್ಯಾಡ ಅಂದ್ರೆ ನಿಲ್ತದಾ ಅದು? ಹೆದರ್ಕೊಂಡೇ ಉಣ್ಣು. ಹೆದರ್ಕೊಂಡೇ ಮಲ್ಕೊ. ಅದ್ರ ಪಾಡಿಗೆ ಅದು ಇರ್ಲಿ, ಹೊಟ್ಟೆ ಯಾಕೆ ಒಣಗಿಸ್ತೀಯ?"

ಗಂಡನಿಗೆ ನೀವೇ ಹೇಳಿಬಿಡಿ ಎಂದು ಬೇಡಿಕೊಂಡೆ. ಅವರು ಒಪ್ಪಲಿಲ್ಲ. "ನಾನು ಹೇಳಿದ್ರೆ, ನಂಗ್ಯಾಕೆ ನೀನು ಹೇಳ್ಲಿಲ್ಲ ಅನ್ನೋದು ಅವನ ಮನಸಲ್ಲಿ ಉಳ್ಕಂತದೆ. ನೀನೇ ಹೇಳ್ಬೇಕು."

ಆ ಶನಿವಾರ ಹೇಳಿದೆ. ಪಡಸಾಲೆಯಲ್ಲಿ ಒಂದು ಕಾಲಿನ ಚಪ್ಪಲಿ ಬಿಚ್ಚಿದ್ದವರು ಇನ್ನೊಂದನ್ನು ಬಿಚ್ಚುವುದನ್ನು ಮರೆತು ಹಾಗೆಯೇ ಕೂತರು. "ರಜ ಬರೆದು ಕಳಿಸ್ತೀನಿ" ಎಂದಷ್ಟೇ ಹೇಳಿದರು. ಅಡುಗೆಮನೆಯಲ್ಲಿ ಅತ್ತೆಗೆ ಎಲ್ಲ ಕೇಳಿಸಿತ್ತು. ಸಾರಿಗೆ ಉಪ್ಪು ಹೆಚ್ಚಾದರೆ ಮೂರು ದಿನ ಅದನ್ನೇ ಆಡುತ್ತಿದ್ದ ಆಕೆ ಹೊರಗೆ ಬಂದು ಮಗುವನ್ನು ಎತ್ತಿಕೊಂಡು, "ಇವಳು ನನ್ನ ತಾವ ಇರ್ತಾಳೆ. ಓಗಿ ತೋರಿಸ್ಕೊಂಡ್ ಬನ್ನಿ. ಜೊತೆಗೆ ಹೆಣ್ಣೆಂಗಸು ಯಾರು?" ಎಂದರು.

"ನಾನಿಲ್ವಾ" ಎಂದು ಗೋಡೆಯ ಆಚೆಯಿಂದ ದನಿ ಬಂತು.

ಊರಿನ ಡಾಕ್ಟರು ನೋಡಿ, ಬೆಂಗಳೂರಿಗೇ ಹೋಗಬೇಕು ಎಂದರು. ಅಲ್ಲಿಯ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಉಳಿಯಲು ಹೆಂಗಸರಿಗೆ ಮಾತ್ರ ಅಪ್ಪಣೆ. ಹೀಗಾಗಿ ನನ್ನ ಮಂಚದ ಕೆಳಗೆ ಚಾಪೆ ಹಾಸಿಕೊಂಡವರು ಖಾಲಾ. ಡಾಕ್ಟರು ಇನ್ನೂ ಹುಡುಗರಂತೆ ಕಾಣುತ್ತಿದ್ದರು. "ಗಂಟು ತೆಗೆದು ಪರೀಕ್ಷೆಗೆ ಕಳಿಸ್ತೀವಿ. ಉತ್ತರ ಬರೋವರೆಗೂ ಏನೂ ಹೇಳೋಕಾಗಲ್ಲ. ಕ್ಯಾನ್ಸರ್ ಇರಬಹುದು, ಇಲ್ಲದೆಯೂ ಇರಬಹುದು" ಎಂದರು. ಆ ಹೆಸರನ್ನು ಒಬ್ಬರು ನನ್ನ ಮುಖ ನೋಡಿ ಹೇಳಿದ್ದು ಅದೇ ಮೊದಲು.

ಶಸ್ತ್ರಚಿಕಿತ್ಸೆ ಮುಗಿದ ಮರುದಿನ ನನ್ನ ಗಂಡ ಕಚೇರಿಗೆ ಮರಳಬೇಕಾಯಿತು. ಉತ್ತರ ಬರುವ ದಿನಕ್ಕೆ ಬರುತ್ತೇನೆಂದು ಹೇಳಿ ಹೋದರು. ಆಮೇಲಿನದು ಬರೀ ಕಾಯುವ ಕೆಲಸ. ಕತ್ತರಿಸಿದ ನೋವು ಅಷ್ಟಿರಲಿಲ್ಲ. ಬಾಗಿಲಲ್ಲಿ ಬಿಳಿ ಕೋಟು ಕಂಡಾಗಲೆಲ್ಲ ಎದ್ದು ಕೂತುಬಿಡುತ್ತಿದ್ದೆ.

ಆಸ್ಪತ್ರೆಯ ಬ್ರೆಡ್ಡು ನನಗೆ ಸೇರದು. ಹಿತ್ತಲಿನ ಶೆಡ್ಡಿನಲ್ಲಿ ರೋಗಿಗಳ ಕಡೆಯವರು ಮೂರು ಕಲ್ಲಿಟ್ಟು ಅಡುಗೆ ಮಾಡಿಕೊಳ್ಳುತ್ತಿದ್ದರು. ನನ್ನ ಎಡಗೈ ಮೇಲಕ್ಕೆ ಏಳುವಂತಿರಲಿಲ್ಲ. ಖಾಲಾ ಸ್ವಲ್ಪ ಅನುಮಾನಿಸಿ ಕೇಳಿದರು: "ನಾನು ಬೇಯಿಸಿದ್ದು ಉಂತೀಯಾ? ನಿಂಗೇ ಅಂತ ಬ್ಯಾರೆ ಪಾತ್ರೆ ಕಲಾಯಿ ಹಾಕ್ಸಿ ತಂದಿವ್ನಿ. ಮಾಂಸ ಮುಟ್ಟಿಲ್ಲ ಅದು." ಅಷ್ಟು ವರ್ಷ ಅಕ್ಕಪಕ್ಕ ಇದ್ದರೂ ಅವರ ಮನೆಯಲ್ಲಿ ನಾನು ನೀರು ಸಹ ಕುಡಿದಿರಲಿಲ್ಲ. ಅವತ್ತು ಅನ್ನ, ಹುಣಸೆಹುಳಿ ಹೆಚ್ಚಾಗಿದ್ದ ತೊಗರಿಬೇಳೆ ಸಾರು. ಭಯ ಹಾಗೆಯೇ ಇತ್ತು. ತಟ್ಟೆ ಮಾತ್ರ ಖಾಲಿಯಾಯಿತು.

ನನ್ನ ಭಯಕ್ಕೆ ಖಾಲಾ ಒಂದು ಹೊತ್ತು ಗೊತ್ತುಮಾಡಿದ್ದರು. ಬೆಳಿಗ್ಗೆ ನಾನು ಅಳಲು ಶುರುಮಾಡಿದರೆ, ನರ್ಸಮ್ಮನಿಂದ ಕೇಳಿ ತಂದ ಒಗೆದ ಬ್ಯಾಂಡೇಜಿನ ಬಟ್ಟೆಯನ್ನು ಮಡಿಲಿಗೆ ಹಾಕುತ್ತಿದ್ದರು. "ಇದನ್ನ ಸುತ್ತು. ಸಾಯಂಕಾಲ ನಾನು ನಮಾಜು ಮುಗಿಸಿ ಬರ್ತೀನಿ, ಆವಾಗ ಎಲ್ಲಾ ಹೇಳು. ಒಂದೂ ಬಿಡಬ್ಯಾಡ." ಸಂಜೆ ನಿಜವಾಗಿಯೂ ಬಂದು ಕೂತು ಕೇಳುತ್ತಿದ್ದರು. ನಡುವೆ ಬಾಯಿ ಹಾಕುತ್ತಿರಲಿಲ್ಲ. ಒಂದು ಸಂಜೆ ನಾನು, "ನಾನು ಹೋದ್ರೆ ಇವರು ಬೇರೆ ಮದುವೆ ಆಗ್ತಾರೆ, ನನ್ನ ಮಗಳ ಗತಿ ಏನು" ಎಂದೆ.

"ಕಟ್ಕೊಂಡ್ರೆ ಕಟ್ಕೊಂತಾನೆ. ವಯಸಿನೋನು" ಎಂದರು ಖಾಲಾ. "ಬಂದೋಳು ಒಳ್ಳೇಳಾದ್ರೆ ಸರಿ. ಇಲ್ದಿದ್ರೆ ಮಗು ಗೋಡೆಯಿಂದ ಈಚೆ, ನನ್ನ ಮನೇಲಿ ಬೆಳೀತದೆ. ಈಗ ಮುಂದಿಂದು ಹೇಳು."

ಅಂಥ ಮಾತು ಯಾರನ್ನಾದರೂ ಸಮಾಧಾನ ಮಾಡೀತೆಂದು ನಾನು ಎಣಿಸಿರಲಿಲ್ಲ. ಅವತ್ತು ಚೆನ್ನಾಗಿ ನಿದ್ದೆ ಬಂತು.

ಉತ್ತರ ಬಂದ ದಿನ ನನ್ನ ಗಂಡನೂ ಬಂದಿದ್ದರು. ಡಾಕ್ಟರು ಮಂಚದ ಹತ್ತಿರ ನಿಂತು ನಗುತ್ತಲೇ ಹೇಳಿದರು: "ಕ್ಯಾನ್ಸರ್ ಅಲ್ಲಮ್ಮ. ಬರೀ ಗಂಟು. ಹೊಲಿಗೆ ಬಿಚ್ಚಿದ ಮೇಲೆ ಊರಿಗೆ ಹೋಗಬಹುದು."

ಜೋರಾಗಿ ಅತ್ತುಬಿಡುತ್ತೇನೆ ಎಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ. ಎದುರು ಗೋಡೆಯ ಸುಣ್ಣ ಎಷ್ಟು ಬೆಳ್ಳಗಿದೆ ಎನ್ನಿಸಿತು. ನನ್ನ ಗಂಡ ಕಿಟಕಿಯ ಕಡೆ ತಿರುಗಿ ನಿಂತು ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ಖಾಲಾ ಮಾತ್ರ ನಗಲಿಲ್ಲ. ಸುತ್ತುತ್ತಿದ್ದ ಬ್ಯಾಂಡೇಜು ಕೈಯಲ್ಲೇ ನಿಂತಿತ್ತು. ಹೊರಟಿದ್ದ ಡಾಕ್ಟರನ್ನು ನೆಲ ನೋಡುತ್ತಲೇ ಕರೆದರು.

"ಡಾಕ್ಟ್ರೇ, ನಂದೂ ಒಂದೈತೆ. ನೋಡ್ತೀರಾ?"

"ಎಷ್ಟು ದಿನದಿಂದ?"

"ಓದ ರಂಜಾನಿಂದ."

ಬಾವಿಯ ಹತ್ತಿರ ನನ್ನ ಕೈ ಹೋಗುತ್ತಿದ್ದ ಜಾಗವನ್ನು ಅವರು ಹೇಗೆ ಗುರುತಿಸಿದರೆಂದು ಆಗ ಅರ್ಥವಾಯಿತು.

ಪರೀಕ್ಷೆ ಮಾಡುವ ಕೋಣೆಯ ಬಾಗಿಲಿನ ತನಕ ಬಂದವರು ಗಂಡಸು ಡಾಕ್ಟರೆಂದು ಹಿಂಜರಿದು ನಿಂತುಬಿಟ್ಟರು. ನಾನು ಕಟ್ಟು ಹಾಕಿದ ಮೈಯಲ್ಲೇ ಹೋಗಿ ಅವರ ಕೈ ಹಿಡಿದುಕೊಂಡು ಒಳಗೆ ಕರೆದೊಯ್ದೆ. ಕೆಂಡದ ಮುಂದೆ ಕೂತು ಕೂತು ಒರಟಾಗಿದ್ದ ಕೈ ಅವತ್ತು ತಣ್ಣಗಿತ್ತು. ಡಾಕ್ಟರು ಒತ್ತಿ ನೋಡಿದರು, ಪ್ರಶ್ನೆ ಕೇಳಿದರು, ಆಮೇಲೆ ಸೂಜಿ ತರಿಸಿ ಗಂಟಿಗೇ ಚುಚ್ಚಿದರು. ಸಿರಿಂಜಿನೊಳಗೆ ತಿಳಿಹಳದಿ ನೀರು ತುಂಬಿತು. ಗಂಟು ಇದ್ದ ಜಾಗ ಸಮವಾಯಿತು.

"ನೀರುಗುಳ್ಳೆ ಅಷ್ಟೆ. ಮತ್ತೆ ತುಂಬಿದರೆ ಬಂದು ತೋರಿಸಿ. ಹೆದರಬೇಕಾದ್ದೇನೂ ಕಾಣ್ತಿಲ್ಲ."

ಖಾಲಾ ಆ ಜಾಗವನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಂಡರು. "ಬರೀ ನೀರಾ?"

"ಬರೀ ನೀರು."

"ಯಾ ಅಲ್ಲಾ. ಇಷ್ಟು ದಿವಸ ನಾನು ನೀರಿಗೆ ಹೆದರ್ಕೊಂಡಿದ್ನಾ" ಎಂದು ನಗಲು ಶುರುಮಾಡಿದರು. ಕೆಮ್ಮು ಬರುವ ತನಕ ನಕ್ಕರು. ನರ್ಸಮ್ಮನೂ ನಕ್ಕಳು. ಆಮೇಲೆ ವರಾಂಡದ ಮೆಟ್ಟಿಲ ಮೇಲೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ನಾನು ಪಕ್ಕದಲ್ಲಿ ಕೂತೆ.

"ನಂಗಾದ್ರೂ ಹೇಳಬಾರದಿತ್ತಾ ಖಾಲಾ?"

"ನಿನ್ನ ಜೊತೆ ಬರೋಕೆ ಧೈರ್ಯ ಇತ್ತು. ನಂದು ನಾನೇ ತೋರಿಸ್ಕೊಳಾಕೆ ಇರ್ಲಿಲ್ಲ" ಎಂದರು. ಸೆರಗಿನಿಂದ ಕಣ್ಣೊರೆಸಿಕೊಂಡು, "ಆ ಡಾಕ್ಟ್ರು ನಿಂದು ಕೆಟ್ಟದ್ದು ಅಂದಿದ್ರೆ ನಾನು ಬಾಯೇ ಬಿಡ್ತಿರ್ಲಿಲ್ಲ. ಅಂಗೇ ವಾಪಸ್ ಓಗ್ಬುಡ್ತಿದ್ದೆ" ಎಂದು ಸೇರಿಸಿದರು.

ಶಿರಾಕ್ಕೆ ಮರಳಿದಾಗ ಬಾವಿಕಟ್ಟೆಯ ಹೆಂಗಸರು ಎಲ್ಲಿಗೆ ಹೋಗಿದ್ದಿರೆಂದು ಕೇಳಿದರು. ನಾನು ಏನೋ ತೊದಲುತ್ತಿದ್ದೆ. ಖಾಲಾ ತಮ್ಮ ಎಂದಿನ ಗಂಟಲಿನಲ್ಲಿ, "ಎದೇಲಿ ಗಂಟಿತ್ತು, ಇಬ್ರಿಗೂ. ಕ್ಯಾನ್ಸರ್ ಏನೋ ಅಂತ ಹೆದರ್ಕೊಂಡಿದ್ವಿ. ತೋರಿಸ್ಕೊಂಡ್ ಬಂದ್ವಿ, ಅದಲ್ಲ ಅಂದ್ರು" ಎಂದುಬಿಟ್ಟರು. ಕೊಡ ಎತ್ತಿಕೊಳ್ಳುತ್ತಿದ್ದವರು ಎತ್ತಿಕೊಳ್ಳದೆ ನಿಂತರು. ನಮ್ಮ ಅತ್ತೆ ಅಲ್ಲೇ ಇದ್ದರು. ಅವತ್ತು ಅವರು ಖಾಲಾಗೆ ಎದುರಾಡಲಿಲ್ಲ.

ಅದಾದ ಮೇಲೆ ಕಲಾಯಿ ಹಾಕಿಸುವ ನೆಪದಲ್ಲಿ ಹೆಂಗಸರು ಪಾತ್ರೆ ಹಿಡಿದು ಬಂದು, ಗಂಡಸರು ಆಚೆ ಹೋಗುವ ತನಕ ಕಾದು ಖಾಲಾರ ಕಿವಿಯಲ್ಲಿ ಮಾತಾಡುವುದು ಶುರುವಾಯಿತು. ನಾಗಲಮಡಿಕೆ ಕಡೆಯಿಂದ ತೆಲುಗು ಮಾತಾಡುವ ಒಬ್ಬಾಕೆ ಬಂದಿದ್ದಳು. ಖಾಲಾಗೆ ತೆಲುಗು ಬರುತ್ತಿರಲಿಲ್ಲ, ಅವಳ ಕೈ ಹೋಗುತ್ತಿದ್ದ ಜಾಗ ನೋಡಿದ ಮೇಲೆ ಅವಳು ಏನೂ ಹೇಳುವ ಅಗತ್ಯವೂ ಬೀಳಲಿಲ್ಲ. ಕೆಲವರ ಜೊತೆ ಅವರೇ ಬೆಂಗಳೂರಿನ ಬಸ್ಸು ಹತ್ತಿದರು. ಎಲ್ಲರಿಗೂ ನಮಗೆ ಸಿಕ್ಕಿದ ಉತ್ತರ ಸಿಗಲಿಲ್ಲ. ಒಬ್ಬಾಕೆಗೆ ಎದೆಯನ್ನೇ ತೆಗೆದರು. ಬೇಗ ಬಂದದ್ದರಿಂದ ಬದುಕಿಕೊಂಡಳು. ಇನ್ನೊಬ್ಬಾಕೆ ಉಳಿಯಲಿಲ್ಲ. ಅವಳು ಹೋಗುವ ತನಕ ಖಾಲಾ ವಾರ ವಾರವೂ ಹೋಗಿ ತಲೆ ಬಾಚಿ ಬರುತ್ತಿದ್ದರು.

ಅವರ ಗುಳ್ಳೆ ಮತ್ತೆ ತುಂಬಲಿಲ್ಲ. ನನ್ನದೂ ಮತ್ತೆ ಬರಲಿಲ್ಲ.

ನನ್ನ ಗಂಡನಿಗೆ ಮಧುಗಿರಿಗೆ ವರ್ಗವಾಗಿ ನಾವು ಶಿರಾ ಬಿಟ್ಟೆವು. ಅರವತ್ತರ ದಶಕ ಮುಗಿಯುತ್ತ ಬಂದಿದ್ದಾಗ ಒಂದು ದಿನ ಮಧುಗಿರಿ ಪೇಟೆಯಲ್ಲಿ ಸಿಕ್ಕಿದ ಹಳೆಯ ಬೀದಿಯವರೊಬ್ಬರು, ಜ್ವರ ಬಂದು ಮಲಗಿದ್ದ ಖಾಲಾ ಅವತ್ತೇ ಬೆಳಗಿನ ಜಾವ ತೀರಿಕೊಂಡರೆಂದು ಹೇಳಿದರು. ಸಿಕ್ಕಿದ ಬಸ್ಸು ಹತ್ತಿ ಹೋದೆ. ಮೈ ತೊಳೆದು ಬಿಳಿ ಬಟ್ಟೆ ಹೊದಿಸಿದ್ದರು. ನಾನು ಬಾಗಿಲಲ್ಲೇ ನಿಂತದ್ದನ್ನು ಕಂಡು ಖಾಲಾರ ಸೊಸೆ ಬಂದು ಕೈ ಹಿಡಿದು ಒಳಗೆ ಕರೆದೊಯ್ದಳು, ಮುಖದ ಮೇಲಿನ ಬಟ್ಟೆ ಸರಿಸಿದಳು. ನೋವು ಪಟ್ಟ ಮುಖ ಅದಲ್ಲ. ನಾನು ಪಾದ ಮುಟ್ಟಿದೆ. ಯಾರೂ ಬೇಡವೆನ್ನಲಿಲ್ಲ.

ಮರಳುವಾಗ ಬಡವನಹಳ್ಳಿಯಲ್ಲಿ ಸೊಪ್ಪಿನ ಗಂಟು ಹೊತ್ತ ಮುದುಕಿಯೊಬ್ಬಳು ಬಸ್ಸು ಹತ್ತಿ ನನ್ನ ಪಕ್ಕ ಕೂತಳು. ನನ್ನ ಮುಖ ನೋಡಿ ಕೇಳಿದಳು.

"ಯಾರು ತೀರ್ಕೊಂಡ್ರವ್ವ?"

ಏನೆಂದು ಹೇಳಬೇಕೆಂದು ಯೋಚಿಸಬೇಕಾಗಲಿಲ್ಲ.

"ನಮ್ಮ ತಾಯಿ ಕಡೆಯೋರು" ಎಂದೆ.

"ಅಂಗಾದ್ರೆ ಅಳು, ತಾಯಿ" ಎಂದು ಮುದುಕಿ ತನ್ನ ಗಂಟನ್ನು ಆಚೆ ಸರಿಸಿ ಜಾಗ ಮಾಡಿಕೊಟ್ಟಳು.